ಕೊನೇ ಕೈ ದೊಡ್ಡಮ್ಮನದು

ಹರಾಜು ಮುಗಿಯಲು ಇನ್ನು ನಾಲ್ಕು ನಿಮಿಷ. ನಲವತ್ತೊಂದು ಗಂಟೆ ಕೂತು ಹೆಣೆದ ಸ್ವೆಟರಿಗೆ ಅಷ್ಟು ಹೊತ್ತಿಗೆ ಬಂದಿದ್ದ ಬೆಲೆಯಲ್ಲಿ ಒಂದು ನೆಟ್ಟಗಿನ ಛತ್ರಿಯೂ ಬರುತ್ತಿರಲಿಲ್ಲ. ದೊಡ್ಡಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಗುಬ್ಬಿಯ ಹೆಗಲ ಮೇಲಿಂದ ಫೋನನ್ನೇ ದಿಟ್ಟಿಸುತ್ತಿದ್ದಳು.

"ಏನಂತೆ? ಏರಿತಾ?"

"ಇಲ್ಲ ದೊಡ್ಡಮ್ಮ."

"ಅಲ್ಲೇ ಬಿದ್ದುಕೊಂಡಿದೆಯಾ?"

"ಅಲ್ಲೇ ಇದೆ."

"ನೂಲಿನ ದುಡ್ಡೂ ಹುಟ್ಟಲಿಲ್ಲ ಅನ್ನು. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು. ಆ ಇಲಿಗಾದ್ರೂ ಒಂದು ಬಾಲ ಇರುತ್ತೆ ಕಣೇ!"

ಗುಬ್ಬಿ ಎನ್ನುವುದು ದೊಡ್ಡಮ್ಮ ಕರೆಯುತ್ತಿದ್ದ ಹೆಸರು. ಮೂವತ್ತು ದಾಟಿ, ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುವ ಹೆಂಗಸಾದರೂ ಮನೆಯಲ್ಲಿ ಆಕೆ ಗುಬ್ಬಿಯೇ. ತಾಯಿ ತೀರಿಕೊಂಡಾಗ ಐದು ವರ್ಷದ ಆ ಹುಡುಗಿಯನ್ನು ಎತ್ತಿಕೊಂಡು ಬಂದವಳು ತಾಯಿಯ ಅಕ್ಕ, ಈ ದೊಡ್ಡಮ್ಮ. ಹಿಂದೆ ಮುಂದೆ ಯಾರೂ ಇಲ್ಲದವಳು ಕ್ರೋಶಾ ಕಡ್ಡಿಯೊಂದನ್ನೇ ನಂಬಿ ಮಗುವನ್ನು ಸಾಕಿದಳು. ತುದಿಯಲ್ಲಿ ಪುಟ್ಟ ಕೊಕ್ಕೆ ಇರುವ ಒಂದೇ ಒಂದು ಕಡ್ಡಿ, ಒಂದು ನೂಲಿನುಂಡೆ, ಎರಡನೇ ಮಹಡಿಯ ಕಿಟಕಿ, ಕಿಟಕಿಯ ಪಕ್ಕ ಒಂದು ಬೆತ್ತದ ಕುರ್ಚಿ. ಎದುರಿನ ಟೈರು ರಿಪೇರಿ ಅಂಗಡಿಯವನು ಬೆಳಿಗ್ಗೆ ಬಾಗಿಲೆತ್ತುವಾಗ ಕುರ್ಚಿಯಲ್ಲಿ ಕೂತರೆ, ಅವನು ಬಾಗಿಲು ಎಳೆಯುವಾಗ ಏಳುತ್ತಿದ್ದಳು.

ಮೊದಲೆಲ್ಲ ಅಂಗಡಿಗಳಿಗೆ ಕೊಡುತ್ತಿದ್ದರು. ಯಂತ್ರದ ಸ್ವೆಟರುಗಳು ರಾಶಿರಾಶಿಯಾಗಿ ಬಂದ ಮೇಲೆ ಅಂಗಡಿಯವರು ಮುಖ ತಿರುಗಿಸಿದರು. ಆಗ ಗುಬ್ಬಿಯೇ ಫೋನಿನಲ್ಲಿ ಹರಾಜಿನ ದಾರಿ ಹುಡುಕಿದ್ದು. "ದೊಡ್ಡಮ್ಮನ ಕೈ" ಅಂತ ಅಂಗಡಿಗೆ ಹೆಸರಿಟ್ಟಳು. ಮೊದಲ ಬೆಲೆ ಕಡಿಮೆ ಇಡಬೇಕು, ಆಗ ಜನ ಮುತ್ತಿಕೊಳ್ಳುತ್ತಾರೆ, ಒಬ್ಬರ ಮೇಲೊಬ್ಬರು ಏರಿಸುತ್ತಾರೆ ಎಂದು ಎಲ್ಲೋ ಓದಿದ್ದಳು. ಏರಿಸುವವರು ಬರಬೇಕಲ್ಲ! ಒಬ್ಬರು ಬರುತ್ತಿದ್ದರು, ಇಟ್ಟ ಬೆಲೆಗೇ ಎತ್ತಿಕೊಂಡು ಹೋಗುತ್ತಿದ್ದರು. "ಮೊದಲೇ ಅರ್ಧ ಬೆಲೆ ಹೇಳಿದ್ರೆ ಪೂರ್ತಿ ಯಾವ ಪುಣ್ಯಾತ್ಮ ಕೊಡ್ತಾನೆ? ನನ್ನ ಗಂಟೆಗೆ ಬೆಲೆ ಇಲ್ವಾ?" ಎಂದು ದೊಡ್ಡಮ್ಮ ಪ್ರತಿಸಲ ರೇಗುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಅಷ್ಟೇ: ಕಣ್ಣುಮುಚ್ಚುವುದರೊಳಗೆ ಒಬ್ಬರಾದರೂ ಅವಳ ಕೆಲಸಕ್ಕೆ ಅದರ ಬೆಲೆ ಕೊಡಬೇಕು.

ಮನೆಯಲ್ಲಿ ಕೆಲಸ ಹಂಚಿಕೆಯಾಗಿತ್ತು. ಬೆನ್ನಿನ ಭಾಗದ ನೆಟ್ಟಗಿನ ಸಾಲುಗಳು ಗುಬ್ಬಿಯವು. ಅದಕ್ಕೆ ಬುದ್ಧಿ ಬೇಡ, ಬೆನ್ನು ಇದ್ದರೆ ಸಾಕು ಅಂತ ದೊಡ್ಡಮ್ಮನ ಮಾತು. ಕುತ್ತಿಗೆ, ತೋಳು, ಗುಂಡಿಮನೆ ಎಲ್ಲ ದೊಡ್ಡಮ್ಮ. ಎಲ್ಲ ಮುಗಿದ ಮೇಲೆ ಬಟ್ಟೆಯ ಸುತ್ತ ಒಂದು ಅಂಚಿನ ಸಾಲು ಬರುತ್ತಿತ್ತು, ಅಕ್ಕಿಕಾಳಿನಷ್ಟೇ ಸಣ್ಣ ಕಮಾನುಗಳ ಸಾಲು. ಅದನ್ನು ಹಾಕಲು ದೊಡ್ಡಮ್ಮ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಅದಕ್ಕೆ ಅವರ ಮನೆಯಲ್ಲಿ ಒಂದು ಮಾತಿತ್ತು: ಕೊನೇ ಕೈ. "ಕೊನೇ ಕೈ ಆಯ್ತಾ?" ಅಂದರೆ ಅಂಚು ಮುಗಿಯಿತಾ ಎಂದರ್ಥ. ಬೇರೆ ಮನೆಯವರಿಗೆ ಅದು ಹೇಗೆ ಕೇಳಿಸೀತು ಎಂದು ಇಬ್ಬರೂ ಯಾವತ್ತೂ ಯೋಚಿಸಿದವರಲ್ಲ.

ಒಂದು ಸಂಜೆ ಬೂದುಬಣ್ಣದ ಶಾಲೊಂದರ ಫೋಟೊ ತೆಗೆದು ಹರಾಜಿಗೆ ಹಾಕುವಾಗ ಗುಬ್ಬಿಗೆ ಸಾಕುಸಾಕಾಗಿತ್ತು. ದಿನವೂ ಬರೆಯುತ್ತಿದ್ದ ಉದ್ದುದ್ದ ವಿವರಣೆ ಬೇಡವೆನಿಸಿ ಎರಡೇ ಮಾತು ಬರೆದಳು. "ಪೂರ್ತಿ ಕೈಯಲ್ಲಿ ಹೆಣೆದದ್ದು. ಕೊನೇ ಕೈ ದೊಡ್ಡಮ್ಮನದು."

ಮರುದಿನ ಮಧ್ಯಾಹ್ನ ಅಂಗಡಿಯ ಕೌಂಟರಿನ ಮೇಲಿದ್ದ ಫೋನು ಜೇನುಹುಳದ ಹಾಗೆ ಗುಂಯ್‌ಗುಡತೊಡಗಿತು. ನೋಡಿದರೆ ಹತ್ತೊಂಬತ್ತು ಜನ ಬಿಡ್ ಹಾಕಿದ್ದಾರೆ. ಕೆಳಗೆ ಸಾಲುಸಾಲು ಮಾತುಗಳು. "ದೊಡ್ಡಮ್ಮ ಹೋದ ಸುದ್ದಿ ತಿಳಿದು ಬಹಳ ಬೇಸರವಾಯಿತು." "ಅವರ ಆತ್ಮಕ್ಕೆ ಶಾಂತಿ ಸಿಗಲಿ." "ಅವರು ಹೆಣೆದದ್ದು ಇನ್ನೇನಾದರೂ ಉಳಿದಿದೆಯೇ?" ಗುಬ್ಬಿಗೆ ಮೊದಲು ಅರ್ಥವಾಗಲಿಲ್ಲ. ಕೊನೇ ಕೈ ಅಂದರೆ ಸಾಯುವ ಮುಂಚಿನ ಕೊನೆಯ ಕೆಲಸ ಎಂದುಕೊಂಡಿದ್ದಾರೆ ಅಂತ ಅರ್ಥವಾದಾಗ ಕಿಸಕ್ಕನೆ ನಗು ಬಂತು. ಮನೆಗೆ ಹೋಗಿ ಹೇಳಿದರೆ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ ಅಂದುಕೊಂಡಳು. "ಅಯ್ಯೋ, ತಪ್ಪು ತಿಳ್ಕೊಂಡಿದ್ದೀರಿ, ದೊಡ್ಡಮ್ಮ ಗುಂಡುಕಲ್ಲಿನ ಹಾಗಿದ್ದಾರೆ" ಎಂದು ಬರೆದಳು ಕೂಡ.

ಕಳಿಸಬೇಕು, ಅಷ್ಟರಲ್ಲಿ ಬೆಲೆ ಇನ್ನೊಂದು ಮೆಟ್ಟಿಲು ಹತ್ತಿತು. ಯಾರೋ ಕಂಬಳಿ ತಂದರು. ಅದಕ್ಕೆ ನಂಬರಿನ ಚೀಟಿ ಚುಚ್ಚಿ, ರಸೀದಿ ಹರಿದು ಕೊಟ್ಟು, ತಿರುಗಿ ಫೋನು ನೋಡಿದಳು. ಆ ಶಾಲಿನ ಬೆಲೆ ಅವರ ಎರಡು ತಿಂಗಳ ಮನೆಬಾಡಿಗೆಯನ್ನು ದಾಟಿತ್ತು. ಗುಬ್ಬಿ ಆಚೆ ಈಚೆ ನೋಡಿದಳು. ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದಳು.

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತ ಗಾದೆ ಮಾಡಿದವರು ಇಂಥ ಹರಾಜು ನೋಡಿರಲಿಕ್ಕಿಲ್ಲ. ಇಲ್ಲಿ ಬದುಕಿರುವ ಎಮ್ಮೆಯನ್ನೇ ಸತ್ತಿತೆಂದು ಸಾರಿ ಹಾಲು ಕರೆಯುತ್ತಿದ್ದರು. ಗುಬ್ಬಿ ಸುಳ್ಳು ಹೇಳಿದಳೇ? ಇಲ್ಲ, ತುಟಿಪಿಟಕ್ಕೆನ್ನಲಿಲ್ಲ, ಅಷ್ಟೆ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುವಾಗಲೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ.

"ಎಷ್ಟಕ್ಕೆ ಹೋಯ್ತು?" ಎಂದು ಕೇಳಿದ ದೊಡ್ಡಮ್ಮನಿಗೆ ಗುಬ್ಬಿ ಬೆಲೆ ಹೇಳಿದಳು. ದೊಡ್ಡಮ್ಮ ಕಡ್ಡಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಂತಲ್ಲೇ ಗುಬ್ಬಿ! ತಡವಾಗಿಯಾದ್ರೂ ಬಂತು" ಅಂದಳು. ಆ ಮುಖ ನೋಡಿದ ಮೇಲೆ ನಿಜ ಹೇಳಲು ಗುಬ್ಬಿಗೆ ನಾಲಿಗೆ ಹೊರಳಲಿಲ್ಲ. ಆ ಕ್ಷಣದಿಂದ ಅವಳಿಗಿದ್ದ ಭಯ ಒಂದೇ. ದೊಡ್ಡಮ್ಮನಿಗೆ ಗೊತ್ತಾಗಬಾರದು.

ಮುಂದಿನ ವಾರ ಬಾಯಿಬಿಟ್ಟೇ ಸುಳ್ಳು ಬರೆದಳು. "ದೊಡ್ಡಮ್ಮನ ಪೆಟ್ಟಿಗೆಯಲ್ಲಿ ಉಳಿದಿರುವುದು ಹನ್ನೆರಡು. ಇದು ಮೊದಲನೆಯದು." ಹನ್ನೆರಡು ಎಂಬ ಲೆಕ್ಕ ಎಲ್ಲಿಂದ ಬಂತೋ ಅವಳಿಗೇ ಗೊತ್ತಿರಲಿಲ್ಲ. ಲೆಕ್ಕ ಕೊಟ್ಟದ್ದೇ ತಡ, ಜನ ಮುಗಿಬಿದ್ದರು. ಹನ್ನೊಂದು ಉಳಿದಾಗ ಒಂದು ಬೆಲೆ, ಹತ್ತು ಉಳಿದಾಗ ಅದಕ್ಕೂ ಮೇಲೆ. ಬದುಕಿದ್ದಾಗ ತಿರುಗಿ ನೋಡದ ಜನಕ್ಕೆ ಈಗ ಏನು ಬಂದಿತ್ತೋ ಧಾಡಿ! ಪೆಟ್ಟಿಗೆ ಖಾಲಿಯಾಗುವುದಕ್ಕೇ ಕಾದು ಕೂತವರ ಹಾಗೆ ಆಡುತ್ತಿದ್ದರು.

ಇತ್ತ ಸತ್ತವಳು ಕಿಟಕಿಯ ಪಕ್ಕ ಕೂತು ಎರಡರಷ್ಟು ವೇಗದಲ್ಲಿ ಹೆಣೆಯುತ್ತಿದ್ದಳು. ಹತ್ತು ವರ್ಷ ಚಿಕ್ಕವಳಾದಂತಿದ್ದಳು. ಟೈರಿನವನಿಗೆ ಕಿಟಕಿಯಿಂದಲೇ ಕೂಗಿ, "ನಿನ್ನ ಟೈರಿಗಿಂತ ನನ್ನ ಶಾಲಿಗೆ ಜಾಸ್ತಿ ಬೆಲೆ ಕಣಪ್ಪಾ!" ಎಂದು ಹೇಳುವಳು. ಒಂದು ದಿನ ಗುಬ್ಬಿಯ ಫೋನನ್ನು ಕಸಿದುಕೊಂಡು, ಅದರಲ್ಲಿದ್ದ ಚಿತ್ರಗಳನ್ನು ನೋಡುತ್ತ ಕೂತಳು. ಅಕ್ಷರಗಳು ಸಣ್ಣವು, ಆದರೆ ಕೈಮುಗಿದ ಚಿತ್ರಗಳು ಎದ್ದು ಕಾಣುತ್ತಿದ್ದವು.

"ಎಲ್ಲರೂ ಕೈಮುಗಿದಿದ್ದಾರಲ್ಲೇ!"

"ಹೂಂ."

"ಇಷ್ಟೊಂದು ಜನ? ನಾನೇನು ದೇವರಾ?"

"ಕೊಡು ದೊಡ್ಡಮ್ಮ, ಚಾರ್ಜಿಲ್ಲ."

"ನನ್ನದೊಂದು ಫೋಟೊ ಹಾಕೇ. ಯಾರು ಹೆಣೆಯೋದು ಅಂತ ಅವರೂ ನೋಡಲಿ. ಕಳ್ಳಿ, ಎಲ್ಲಾ ಹೆಸರು ನೀನೇ ಹೊಡ್ಕೋತಿದ್ದೀಯಾ?" ಎಂದು ದೊಡ್ಡಮ್ಮ ನಕ್ಕಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಗುಬ್ಬಿ ಬೆಚ್ಚಿದಳು. ಫೋಟೊ ತೆಗೆದಳು, ಹಾಕಲಿಲ್ಲ.

ಪೆಟ್ಟಿಗೆಯ ಲೆಕ್ಕ ಇಳಿದಂತೆ ಗುಬ್ಬಿಯ ನಿದ್ದೆಯೂ ಇಳಿಯಿತು. ದೊಡ್ಡಮ್ಮ ಸೀನಿದರೆ ಓಡಿ ಹೋಗಿ ಹಣೆ ಮುಟ್ಟಿ ನೋಡುತ್ತಿದ್ದಳು. ಆರು ಉಳಿದ ದಿನ ಮಧ್ಯಾಹ್ನದ ಊಟಕ್ಕೆಂದು ಮನೆಗೆ ಬಂದರೆ, ದೊಡ್ಡಮ್ಮ ಕುರ್ಚಿಯಲ್ಲಿ ತಲೆ ವಾಲಿಸಿ, ಬಾಯಿ ತೆರೆದು, ಅಲುಗಾಡದೆ ಬಿದ್ದಿದ್ದಾಳೆ. ನೂಲಿನುಂಡೆ ನೆಲದ ಮೇಲೆ ಉರುಳಿ ಬಾಗಿಲ ತನಕ ಬಂದಿದೆ. ಗುಬ್ಬಿ ಹೊಸ್ತಿಲಲ್ಲೇ ನಿಂತಳು. ಕರೆಯಲು ಧೈರ್ಯವಾಗಲಿಲ್ಲ. ಬಾಯಿಂದ ಬಂದ ಮಾತು ನಿಜವಾಗಿಬಿಟ್ಟಿತಲ್ಲ ದೇವರೇ, ನಾನೇ ಕೊಂದೆನಲ್ಲ ಅಂದುಕೊಂಡಳು. ಅಷ್ಟರಲ್ಲಿ ಕಡ್ಡಿ ಹಿಡಿದ ಬೆರಳು ನಿದ್ದೆಯಲ್ಲೇ ಹೆಣಿಗೆಯ ಒಂದು ಮನೆ, ನೂಲಿನ ಒಂದು ಕುಣಿಕೆ ಎತ್ತಿದ ಹಾಗೆ ಮಿಸುಕಿತು. ಗುಬ್ಬಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಕೊಳ್ಳುವವರಲ್ಲಿ ಒಬ್ಬಾಕೆ ಇದ್ದಳು. ಹರಾಜಿನಲ್ಲಿ ಆಕೆಯ ಹೆಸರು "ಮೂಲೆಮನೆ". ಹರಾಜು ಮುಗಿಯಲು ಹತ್ತು ಸೆಕೆಂಡು ಇರುವವರೆಗೂ ಕಾಣಿಸಿಕೊಳ್ಳುತ್ತಿರಲಿಲ್ಲ. ಕಾಣಿಸಿದಳೆಂದರೆ ಮಾಲು ಅವಳದೇ. ಹನ್ನೆರಡರಲ್ಲಿ ಏಳು ಅವಳ ಪಾಲಾಗಿತ್ತು. ಪಾರ್ಸಲ್ ತಲುಪಿದ ದಿನ ಮರೆಯದೆ ಒಂದು ಸಾಲು ಬರೆಯುತ್ತಿದ್ದಳು. "ತಲುಪಿತು. ಕೈ ಅದೇ." ಹತ್ತನೆಯದು ಹೋದ ಮೇಲೆ ಬಂದದ್ದು ಅಷ್ಟೇ ಆಗಿರಲಿಲ್ಲ.

"ತಲುಪಿತು. ಕೈ ಅದೇ. ಆದರೆ ಅಂಚಿಗೆ ಹಾಕಿರುವ ಈ ನೀಲಿ ನೂಲು ಮಾರುಕಟ್ಟೆಗೆ ಬಂದು ಒಂದು ತಿಂಗಳಾಗಿದೆ. ನಿಮ್ಮ ದೊಡ್ಡಮ್ಮ ಹೋಗಿ ನಾಲ್ಕು ತಿಂಗಳಾಯಿತಲ್ಲವೇ?"

ಗುಬ್ಬಿ ಅದನ್ನು ಎರಡು ಸಲ ಓದಿದಳು. ಅಂಚೊಂದು ಬಾಕಿ ಇತ್ತು, ಅದನ್ನು ನಾನು ಹಾಕಿದೆ ಎಂದು ಬರೆದಳು. ಉತ್ತರ ಕೂಡಲೇ ಬಂತು. "ಇಲ್ಲ. ನಿಮ್ಮ ಸಾಲುಗಳು ಬೆನ್ನಿನಲ್ಲಿವೆ, ಅವು ಸ್ವಲ್ಪ ಬಿಗಿ. ಈ ಅಂಚು ಅವರದೇ. ಆ ಕೈಯನ್ನು ನಿಮಗಿಂತ ಚೆನ್ನಾಗಿ ನಾನು ಬಲ್ಲೆ."

ಕೆಸರಿನಲ್ಲಿ ಕಾಲಿಟ್ಟವರು ಕಾಲು ತೆಗೆಯಲು ಇನ್ನೊಂದು ಕಾಲು ಊರುತ್ತಾರಲ್ಲ, ಗುಬ್ಬಿ ಮಾಡಿದ್ದೂ ಅದನ್ನೇ. ಅವತ್ತು ತೆಗೆದಿದ್ದ ಫೋಟೊ ಫೋನಿನಲ್ಲಿತ್ತು. ದೊಡ್ಡಮ್ಮ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು, ಫೋಟೊ ತೆಗೆಯುವ ಗುಬ್ಬಿಯನ್ನೇ ನೋಡಿ ನಗುತ್ತಿದ್ದಳು. ಗುಬ್ಬಿ ಅದಕ್ಕೊಂದು ಕಪ್ಪು ಚೌಕಟ್ಟು ಹಾಕಿದಳು. ಕೆಳಗೆ ಎರಡು ತಾರೀಕು ಬರೆದಳು. ಹುಟ್ಟಿದ್ದು ನಿಜದ್ದು, ಇನ್ನೊಂದು ಬಾಯಿಗೆ ಬಂದದ್ದು. ಎಲ್ಲರೂ ನೋಡುವಂತೆ ಅಂಗಡಿಯ ಮೊದಲ ಪುಟದಲ್ಲಿ ಹಾಕಿದಳು. ಆ ದಿನ ದೊಡ್ಡಮ್ಮ ಬಡಿಸಿದ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಒಂದು ವಾರ ಮೂಲೆಮನೆಯ ಸದ್ದಿಲ್ಲ. ಎಂಟನೆಯ ದಿನ ಪತ್ರ ಬಂತು. "ಇವನ್ನು ನಂಬಿ ನಾನು ಬಹಳ ಹಣ ಹಾಕಿದ್ದೇನೆ. ಇಂಥವು ಇನ್ನು ಬರುವುದಿಲ್ಲ ಎಂದಾದರೆ ಮಾತ್ರ ಆ ಹಣಕ್ಕೆ ಅರ್ಥ. ಅವರು ಇದ್ದಾರೋ ಹೋಗಿದ್ದಾರೋ ಅದು ನನಗೆ ಬೇಕಾಗಿಲ್ಲ. ಆ ಕೈ ನಿಂತಿದೆಯೋ ಇಲ್ಲವೋ ನೋಡಬೇಕು. ಭಾನುವಾರ ಹನ್ನೊಂದಕ್ಕೆ ಬರುತ್ತೇನೆ. ವಿಳಾಸ ಪಾರ್ಸಲಿನ ಮೇಲಿದೆ. ಬೇಡ ಅಂದರೆ ಪೊಲೀಸರ ಜೊತೆ ಬರಬೇಕಾಗುತ್ತದೆ."

ಗುಬ್ಬಿ ಮೂರು ದಿನ ಲೆಕ್ಕ ಹಾಕಿದಳು. ಭಾನುವಾರ ಹತ್ತಕ್ಕೆ ಕಣ್ಣಿನ ಡಾಕ್ಟರ ಹತ್ತಿರ ದೊಡ್ಡಮ್ಮನಿಗೆ ಚೀಟಿ ಬರೆಸಿದಳು. ಅಲ್ಲಿ ಒಳಗೆ ಹೋದವರು ಮಧ್ಯಾಹ್ನದ ಮುಂಚೆ ಹೊರಗೆ ಬಂದದ್ದಿಲ್ಲ. ದೊಡ್ಡಮ್ಮ ಗೊಣಗುತ್ತ, ಕೈಚೀಲಕ್ಕೆ ಹೆಣಿಗೆ ತುರುಕಿಕೊಂಡು ಹೊರಟಳು. ಆಕೆ ಮೆಟ್ಟಿಲಿಳಿದ ಕೂಡಲೇ ಗುಬ್ಬಿ ಮನೆಯಲ್ಲಿದ್ದ ನೂಲಿನುಂಡೆಗಳನ್ನೆಲ್ಲ ಅಟ್ಟಕ್ಕೆ ಎಸೆದಳು. ಕುರ್ಚಿ ಒರೆಸಿದಳು. ಹತ್ತೂಕಾಲಿಗೆ, ಬರುವವಳಿಗೆ ಕೊಡಲು ಬಿಸ್ಕತ್ತಿಲ್ಲ ಎಂದು ನೆನಪಾಗಿ ಬೀದಿಯ ತುದಿಯ ಅಂಗಡಿಗೆ ಓಡಿದಳು.

ವಾಪಸು ಮೆಟ್ಟಿಲು ಹತ್ತಿ ಬಂದರೆ ಬಾಗಿಲು ತೆರೆದಿತ್ತು. ಹೊರಗೆ ಬೂದುಬಣ್ಣದ ಹೊಸ ಶೂ ಜೋಡಿ, ಅಳತೆ ಹಿಡಿದು ಇಟ್ಟ ಹಾಗೆ. ಅದರ ಪಕ್ಕ ದೊಡ್ಡಮ್ಮನ ಪಿನ್ನು ಚುಚ್ಚಿದ ಹಳೆಯ ಚಪ್ಪಲಿ. ಗುಬ್ಬಿಯ ಕೈಯಿಂದ ಬಿಸ್ಕತ್ತಿನ ಪೊಟ್ಟಣ ಜಾರಿತು. ಡಾಕ್ಟರು ಬಂದಿರಲಿಲ್ಲವಂತೆ. ಅದು ಆಮೇಲೆ ಗೊತ್ತಾಯಿತು.

ಒಳಗೆ ಒಂದು ಮೆತ್ತನೆಯ ಧ್ವನಿ ಹೇಳುತ್ತಿತ್ತು. "ಕ್ಷಮಿಸಿ, ಸ್ವಲ್ಪ ಬೇಗ ಬಂದುಬಿಟ್ಟೆ. ಹರಾಜಿನಲ್ಲಿ ದೊಡ್ಡಮ್ಮ ಹೆಣೆದದ್ದು ಏಳು ತಗೊಂಡಿರೋಳು ನಾನೇ. ನಿಮ್ಮನ್ನ ನೋಡಿ ಒಂದು ಕ್ಷಣ ನನ್ನ ಎದೆ ನಿಂತೇ ಹೋಯ್ತು. ಥೇಟ್ ಇದೇ ಮುಖ. ನೋಡಿ ಬೇಕಾದ್ರೆ."

ಗುಬ್ಬಿ ಹೊಸ್ತಿಲಿಗೆ ಬಂದಳು. ದೊಡ್ಡಮ್ಮ ಕುರ್ಚಿಯಲ್ಲಿದ್ದಳು, ತೊಡೆಯ ಮೇಲೆ ಅರ್ಧ ಹೆಣೆದ ಹಸಿರು ಶಾಲು, ಅದರ ಮನೆಯಲ್ಲಿ ಸಿಕ್ಕಿಸಿದ ಕಡ್ಡಿ. ಎದುರಿಗೆ ನಿಂತಿದ್ದ ಹೆಂಗಸು ಸಪೂರ, ಅಚ್ಚುಕಟ್ಟು, ಐವತ್ತರ ಆಸುಪಾಸು. ಅವಳು ಚಾಚಿದ ಫೋನನ್ನು ದೊಡ್ಡಮ್ಮ ತೆಗೆದುಕೊಂಡು ಕನ್ನಡಕದ ಹತ್ತಿರಕ್ಕೆ ಹಿಡಿದಳು. ಕಪ್ಪು ಚೌಕಟ್ಟು ನೋಡಿದಳು. ಕೆಳಗಿನ ಅಕ್ಷರಗಳನ್ನು ತುಟಿ ಆಡಿಸುತ್ತ ಓದಿದಳು, ಮೊದಲನೆಯ ತಾರೀಕು, ಎರಡನೆಯ ತಾರೀಕು. ಮತ್ತೊಂದು ಸಲ ಓದಿದಳು. ಆಮೇಲೆ ತಲೆ ಎತ್ತಿ ಗುಬ್ಬಿಯನ್ನು ನೋಡಿದಳು. ಬೈಯುವ ಮುಂಚೆ ಆ ಕಣ್ಣು ಕಿರಿದಾಗುವುದನ್ನು ಗುಬ್ಬಿ ಬುದ್ಧಿ ಬಂದಾಗಿನಿಂದ ಬಲ್ಲಳು. ಈಗ ಕಿರಿದಾಗಲಿಲ್ಲ.

"ನೀವು ಅವರಿಗೆ ಏನಾಗಬೇಕು?" ಹೆಂಗಸು ಕೇಳಿದಳು.

"ತಂಗಿ," ಅಂದಳು ದೊಡ್ಡಮ್ಮ. "ನಾನು ಅವಳ ತಂಗಿ. ನಮ್ಮಿಬ್ಬರನ್ನೂ ಜನ ಅದಲು ಬದಲು ಕರೀತಿದ್ರು."

ಹೆಂಗಸು ತಿರುಗಿ ಬಾಗಿಲಲ್ಲಿದ್ದ ಗುಬ್ಬಿಯನ್ನು ಕಂಡಳು. ನಕ್ಕಳು. "ಓ, ನೀವೇ ಅಲ್ವಾ ಬರೆಯೋರು. ಇವರು ನಿಮಗೆ...?"

ಇಬ್ಬರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಎದುರಿನ ಅಂಗಡಿಯಲ್ಲಿ ಟೈರಿಗೆ ಗಾಳಿ ತುಂಬುವ ಸದ್ದು ನಿಂತಿತು. ಬೇಡ, ಬೇಡ ಎಂದು ಗುಬ್ಬಿಯ ಮನಸ್ಸು ಬಡಿದುಕೊಳ್ಳುತ್ತಿತ್ತು.

"ಚಿಕ್ಕಮ್ಮ," ಅಂದಳು.

"ಕೂತ್ಕೊಳ್ಳಿ," ಎಂದು ದೊಡ್ಡಮ್ಮ ಬಂದವಳಿಗೆ ಸ್ಟೂಲು ತೋರಿಸಿದಳು. ಅಷ್ಟು ಮರ್ಯಾದೆಯಾಗಿ ಮಾತಾಡಿದ್ದನ್ನು ಗುಬ್ಬಿ ಯಾವತ್ತೂ ಕೇಳಿರಲಿಲ್ಲ.

"ಕೊನೇಲಿ ಬಹಳ ಕಷ್ಟಪಟ್ರಾ, ಪಾಪ?"

"ಇಲ್ಲಮ್ಮ. ಕೂತಲ್ಲೇ ಹೋದಳು. ಕಡ್ಡಿ ಕೈಯಲ್ಲೇ ಇತ್ತು. ಅವಳಿಗೇ ಗೊತ್ತಾಗಲಿಲ್ಲ ನೋಡಿ."

"ಪುಣ್ಯವಂತರು."

"ಹೂಂ. ಅವಳು ಹೆಣೆದದ್ದು ನಿಮ್ಮತ್ರ ಏಳು ಇದೆಯಂತಲ್ಲ. ಹಾಕ್ಕೊಂಡ್ರಾ? ಬೆಚ್ಚಗಿದೆಯಾ?"

ಹೆಂಗಸು ಗಾಬರಿಯಾದಳು. "ಅಯ್ಯೋ, ಹಾಕ್ಕೊಳ್ಳೋದೇ! ಎಲ್ಲಾ ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬೀಗ ಹಾಕಿದ್ದೀನಿ. ಇನ್ನು ಐದು ವರ್ಷ ಬಿಟ್ಟರೆ ಅದರ ಬೆಲೆನೇ ಬೇರೆ. ನಿಜ ಹೇಳ್ತೀನಿ, ಅವರು ಬದುಕಿದ್ದಾಗಲೂ ಈ ಅಂಗಡಿ ನೋಡಿದ್ದೆ. ಆಗ ಬೇಡ ಅಂತ ಬಿಟ್ಟೆ. ಬದುಕಿರೋರು ನಾಳೆ ಇನ್ನೊಂದು ಹೆಣೀತಾರಲ್ಲ, ಅದಕ್ಕೆ ಎಲ್ಲಿಯ ಬೆಲೆ?"

ದೊಡ್ಡಮ್ಮ ಕಿಟಕಿಯ ಕಡೆ ನೋಡಿದಳು.

ಹೆಂಗಸಿನ ಕಣ್ಣು ಈಗ ದೊಡ್ಡಮ್ಮನ ತೊಡೆಯ ಮೇಲಿತ್ತು. "ನೀವೂ ಹೆಣೀತೀರಾ?" ಮೆಲ್ಲಗೆ ಕೇಳಿದಳು.

"ನನಗೆಲ್ಲಿ ಬರುತ್ತೆ! ಇದು ಅಕ್ಕ ಅರ್ಧಕ್ಕೆ ಬಿಟ್ಟುಹೋಗಿದ್ದು. ಸುಮ್ಮನೆ ಮೇಲೆ ಹಾಕ್ಕೊಂಡು ಕೂತ್ಕೋತೀನಿ."

"ನಿಮ್ಮ ತೋರುಬೆರಳಲ್ಲಿ ಗೆರೆ ಬಿದ್ದಿದೆ."

"ಪಾತ್ರೆ ತಿಕ್ಕಿದ ಕೈ."

"ಹೌದಾ? ಎಲ್ಲಿ, ಕಡ್ಡಿ ಹಿಡೀರಿ ನೋಡೋಣ." ನಗುನಗುತ್ತಲೇ ಹೇಳಿದಳು. "ಒಂದೇ ಒಂದು ಸಾಲು. ನೀವು ಹೇಗೆ ಹಿಡೀತೀರಿ ಅಂತ ನೋಡ್ತೀನಿ, ಅಷ್ಟೆ."

ಗುಬ್ಬಿ ದೊಡ್ಡಮ್ಮನ ಕೈಯನ್ನೇ ನೋಡಿದಳು. ಐವತ್ತು ವರ್ಷ ಒಂದೇ ಕೆಲಸ ಮಾಡಿದ ಬೆರಳುಗಳು. ನಿದ್ದೆಯಲ್ಲೂ ಮನೆ ಎತ್ತುವ ಬೆರಳುಗಳು. ಅವಕ್ಕೆ ಸುಳ್ಳು ಹೇಳಲು ಯಾರು ಕಲಿಸಿದ್ದಾರೆ?

ದೊಡ್ಡಮ್ಮ ಕಡ್ಡಿಯನ್ನು ಚಮಚ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದಳು. ನೂಲನ್ನು ಎಡಗೈಗೆ ಎರಡು ಸುತ್ತು ಸುತ್ತಿಕೊಂಡಳು, ತಪ್ಪಾಗಿ. ಕೊಕ್ಕೆಯನ್ನು ಇನ್ನೆಲ್ಲೋ ಚುಚ್ಚಿ, ಜಗ್ಗಿ, ಮನೆಯಿಂದ ಕಡ್ಡಿಯನ್ನು ಹೊರಗೆಳೆದಳು. ಎಳೆದ ನೂಲಿನ ಜೊತೆ ಒಂದು ಸಾಲು ಸರ್ರನೆ ಬಿಚ್ಚಿಕೊಂಡಿತು. ಅದರ ಹಿಂದೆ ಇನ್ನೊಂದು. ಎರಡು ಸಾಲೆಂದರೆ ಎರಡು ಗಂಟೆಯ ಕೆಲಸ. "ಹೀಗಾ?" ಎಂದು ಕೇಳುತ್ತ ದೊಡ್ಡಮ್ಮ ಮತ್ತೆ ಜಗ್ಗಿದಳು. ಮೂರನೆಯ ಸಾಲೂ ಹೋಯಿತು.

"ಬೇಡ! ಬೇಡ! ಹಾಳಾಗುತ್ತೆ!" ಹೆಂಗಸು ಎದ್ದು ಬಂದು ಶಾಲನ್ನೂ ಕಡ್ಡಿಯನ್ನೂ ಕಸಿದುಕೊಂಡಳು. ಮಗುವನ್ನು ಎತ್ತಿಕೊಂಡವಳ ಹಾಗೆ ಎದೆಗೆ ಅವುಚಿಕೊಂಡು, ತಪ್ಪಿದ ಮನೆಯನ್ನು ಹುಡುಕಿ ಕಡ್ಡಿ ಸಿಕ್ಕಿಸಿದಳು. ಆಕೆಯ ಮುಖದಲ್ಲಿದ್ದ ಅನುಮಾನವೆಲ್ಲ ಹೋಗಿತ್ತು. "ಇದನ್ನ ನನಗೇ ಕೊಡಿ. ಮುಗಿಯದ್ದು. ಕಡ್ಡಿ ಸಮೇತ. ಇದರ ಮುಂದೆ ಮಿಕ್ಕಿದ್ದೆಲ್ಲ ಏನೂ ಅಲ್ಲ."

"ಎಷ್ಟು ಕೊಡ್ತೀರಿ?"

ಹೆಂಗಸು ಹೇಳಿದ್ದು ಗುಬ್ಬಿಯ ಆರು ತಿಂಗಳ ಸಂಬಳ.

"ಅಷ್ಟೇನಾ?" ದೊಡ್ಡಮ್ಮ ಕಡ್ಡಿ ಮುರಿದ ಹಾಗೆ ಹೇಳಿದಳು. "ಅವಳು ಇನ್ನೊಂದು ಹೆಣೆಯೋಕೆ ಬರಲ್ಲಮ್ಮ. ಎರಡರಷ್ಟು ಮಾಡಿ."

ಹೆಂಗಸು ಚೌಕಾಸಿ ಮಾಡಲಿಲ್ಲ. ಹಣ ಎಣಿಸಿ ಕುರ್ಚಿಯ ಕೈಯ ಮೇಲಿಟ್ಟಳು. ಹೋಗುವಾಗ ಬಾಗಿಲಲ್ಲಿ ನಿಂತು, ಈ ಕಡೆ ಬಂದಾಗಲೆಲ್ಲ ಬಂದು ಮಾತಾಡಿಸಿಕೊಂಡು ಹೋಗುತ್ತೇನೆ, ಆ ಕುರ್ಚಿ ಮಾರುವುದಿದ್ದರೆ ಮೊದಲು ನನಗೆ ಹೇಳಿ ಎಂದಳು. ದೊಡ್ಡಮ್ಮ ಆಗಲಿ ಅಂದಳು. ಮೆಟ್ಟಿಲ ಮೇಲೆ ಶೂಗಳ ಸದ್ದು ಕೆಳಗಿಳಿದು ಬೀದಿಗೆ ಹೋಯಿತು.

ಗುಬ್ಬಿ ಕುಸಿದು ಕೂತು ದೊಡ್ಡಮ್ಮನ ಪಾದ ಹಿಡಿದುಕೊಂಡಳು. "ಬೈಯಿ ದೊಡ್ಡಮ್ಮ. ಹೊಡಿ. ನಾನು ಹಾಳಾಗಿ ಹೋಗ. ನಿನ್ನ ಖುಷಿ ನೋಡಿ ಬಾಯಿ ಕಟ್ಟಿಹೋಯ್ತು, ಹೇಳೋಕಾಗಲಿಲ್ಲ. ನಿಜವಾಗ್ಲೂ ಆಗಲಿಲ್ಲ ದೊಡ್ಡಮ್ಮ." ಅಳುತ್ತಳುತ್ತ ಎಷ್ಟು ಹೊತ್ತು ಹಾಗೆ ಹೇಳಿದಳೋ. ಒಂದು ಸೂಜಿ ಬಿದ್ದರೂ ಊರು ಒಂದಾಗುವಂತೆ ಬೈಯುತ್ತಿದ್ದವಳು ಅವಳ ತಲೆ ನೇವರಿಸಿ, "ಏಳಮ್ಮ, ನೆಲ ತಣ್ಣಗಿದೆ" ಅಂದಳು. ಗುಬ್ಬಿ ಎಂದು ಕರೆಯಲಿಲ್ಲ.

ಮರುದಿನ ಕುರ್ಚಿ ಗೋಡೆಯ ಕಡೆ ತಿರುಗಿತ್ತು. ಗುಬ್ಬಿ ಕೆಲಸಕ್ಕೆ ರಜೆ ಹಾಕಿ, ಪೇಟೆಯನ್ನೆಲ್ಲ ಸುತ್ತಿ, ಅದೇ ಅಳತೆಯ ಕಡ್ಡಿ, ಅದೇ ಹಸಿರು ನೂಲು ತಂದು ಆಕೆಯ ಮಡಿಲಲ್ಲಿಟ್ಟಳು. ಹರಾಜಿನ ಅಂಗಡಿ ಅಳಿಸಿಹಾಕಿದ್ದೇನೆ, ಇನ್ನು ಯಾರಿಗೂ ಮಾರುವುದು ಬೇಡ, ನೀನು ಸುಮ್ಮನೆ ಹೆಣಿ ಅಂದಳು. ಆಕೆ ನೂಲನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ಒಳ್ಳೆ ನೂಲು. ಅಕ್ಕ ಇದ್ದಿದ್ರೆ ಖುಷಿಪಡ್ತಿದ್ದಳು" ಎಂದು ಎತ್ತಿ ಪಕ್ಕಕ್ಕಿಟ್ಟಳು.

"ದೊಡ್ಡಮ್ಮ, ಯಾರೂ ಇಲ್ಲ ಇಲ್ಲಿ. ನಾವಿಬ್ಬರೇ."

ಆಕೆ ಗೋಡೆಯನ್ನೇ ನೋಡುತ್ತಿದ್ದಳು.

"ದೊಡ್ಡಮ್ಮ!"

ಆಕೆ ಎದ್ದು ಹೋಗಿ ಪಾತ್ರೆ ತಿಕ್ಕತೊಡಗಿದಳು. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು. ಹಟವೋ, ಸಿಟ್ಟೋ, ಆ ಹೆಂಗಸು ಯಾವ ಗಳಿಗೆಯಲ್ಲಾದರೂ ಬಂದಾಳೆಂಬ ಭಯವೋ ಗುಬ್ಬಿಗೆ ತಿಳಿಯಲಿಲ್ಲ. ದೊಡ್ಡಮ್ಮ ಎಂದು ಕರೆದಾಗ ಆಕೆ ತಲೆ ತಿರುಗಿಸುತ್ತಿರಲಿಲ್ಲ, ರೆಪ್ಪೆ ಕೂಡ ಅಲುಗುತ್ತಿರಲಿಲ್ಲ. ಹಾಗೆ ಒಂದು ದಿನ, ಎರಡು ದಿನ, ಆರು ದಿನ ಹೋಯಿತು. ಗುಬ್ಬಿ ಕೂಗಿದಳು, ಬೇಡಿಕೊಂಡಳು, ಒಮ್ಮೆ ಭುಜ ಹಿಡಿದು ಅಲುಗಾಡಿಸಿಯೂ ನೋಡಿದಳು.

ಏಳನೆಯ ದಿನ ಮಧ್ಯಾಹ್ನ ತಟ್ಟೆ ಇಟ್ಟು, ಬಡಿಸಿ, ಗುಬ್ಬಿ ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಆಕೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅನ್ನ ಆರುತ್ತಿತ್ತು.

"ಚಿಕ್ಕಮ್ಮ," ಎಂದು ಗುಬ್ಬಿ ಕರೆದಳು. "ಊಟಕ್ಕೆ ಬಾ."

"ಬಂದೆ ಕಣಮ್ಮ," ಎಂದು ಆಕೆ ತಕ್ಷಣ ಎದ್ದು ಬಂದಳು.